ಕರಿ ಕಾರಿನ ಮೇಲೊಂದು ಅರ್ಧಚಂದ್ರ

“ಇದನ್ನ ತೊಳ್ದೋನು ಯಾವ್ ದನ ಕಾಯೋನು?”

ಮಾತು ಬಾಯಿಂದ ಜಾರಿದ ಮೇಲೆ ರಂಜಿತ ನಾಲಿಗೆ ಕಚ್ಚಿಕೊಂಡಳು. ಆದರೆ ಎದುರಿಗೆ ನಿಂತಿದ್ದ ಕರಿ ಕಾರನ್ನು ನೋಡಿ ಅವಳಿಗೆ ಸಿಟ್ಟು ತಡೆಯಲಾಗಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಕಿಕ್ಕೇರಿ ರಸ್ತೆಗೆ ತಿರುಗುವಲ್ಲಿ ಅವಳ ಅಂಗಡಿ. ಮಾಸಿದ ಕಾರುಗಳಿಗೆ ಪಾಲಿಶ್ ಹಾಕಿ ಹೊಳಪು ತರುವುದು ಅವಳ ಕೆಲಸ. ಏಳು ವರ್ಷದಿಂದ ಅದೇ ಅವಳ ಅನ್ನ, ಅದೇ ಅವಳ ಗರ್ವ.

ಕಾರು ತಂದವನು ಎತ್ತರದ ಆಳು. ಬೂಕನಕೆರೆಯ ಚಲುವರಾಜು, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು ಎಂದು ಆಗಷ್ಟೇ ಹೇಳಿಕೊಂಡಿದ್ದ. ಅವಳ ಮಾತಿಗೆ ಅವನ ಕಣ್ಣಲ್ಲಿ ಏನೋ ಮಿನುಗಿ ಆರಿಹೋಯಿತು.

“ನಾನೇ ಕಣ್ರೀ,” ಎಂದ. “ನಾನೇ ತೊಳ್ದಿದ್ದು.”

ಪಕ್ಕದ ಜೀಪಿನ ಸೀಟು ಉಜ್ಜುತ್ತಿದ್ದ ದ್ಯಾವಮ್ಮ ತಲೆ ಹೊರಗೆ ಹಾಕಿದಳು. ಐವತ್ತು ದಾಟಿದ ಆ ಹೆಂಗಸು ಅಂಗಡಿಯಲ್ಲಿ ಅರ್ಧ ಕೆಲಸ ಕೈಯಲ್ಲಿ ಮಾಡಿದರೆ ಇನ್ನರ್ಧ ಬಾಯಲ್ಲಿ ಮಾಡುತ್ತಿದ್ದಳು.

“ಇಸ್ತ್ರಿ ಶರ್ಟು ಹಾಕಿರೋ ದನ ಕಾಯೋನು ಕಣವ್ವಾ! ಸುಮ್ಕೆ ಬೈಬ್ಯಾಡ.”

ರಂಜಿತ ನಗಲಿಲ್ಲ. ಶಟರ್ ಅರ್ಧ ಎಳೆದು, ಕೈದೀಪ ಹೊತ್ತಿಸಿ ಬಾಗಿಲಿನ ಹತ್ತಿರ ಹಿಡಿದಳು.

“ಇಲ್ಲಿ ನೋಡಿ.”

ಕಪ್ಪು ಬಣ್ಣದೊಳಗಿಂದ ಸಣ್ಣ ಸಣ್ಣ ಗೀರುಗಳು ಎದ್ದು ಬಂದವು. ಜೇಡನ ಎಳೆಯಷ್ಟು ತೆಳುವಾದ ಗೀರುಗಳು!

“ಅಯ್ಯೋ... ನೆಳ್ಳಲ್ಲಿ ಏನೂ ಕಾಣ್ತಿರ್ಲಿಲ್ವಲ್ಲಾ!”

“ಯಾತ್ರಲ್ಲಿ ಉಜ್ಜುದ್ರಿ?”

“ಹುಲ್ಲಲ್ಲಿ.”

“ಹುಲ್ಲಾ?!”

“ಹೂಂ. ಎತ್ತಿನ ಮೈ ತೊಳ್ಯಲ್ವಾ, ಅಂಗೇ... ಹಿಡಿ ಹುಲ್ಲು ಮುದುರ್ಕಂಡು...”

ದ್ಯಾವಮ್ಮ ಜೀಪಿನೊಳಗೇ ಬಿದ್ದು ಬಿದ್ದು ನಕ್ಕಳು. ರಂಜಿತ ಫೋನು ತೆಗೆದು ಗೀರುಗಳ ಫೋಟೋ ಹಿಡಿದಳು. ಕೆಲಸಕ್ಕೆ ಮುಂಚೆ ಫೋಟೋ ತೆಗೆಯುವುದು ಅವಳ ಅಭ್ಯಾಸ. ಬಾಗಿಲ ಹಿಡಿಯ ಕೆಳಗಷ್ಟೇ ಚಿಕ್ಕ ಚಿಕ್ಕ ಗೆರೆಗಳಿದ್ದವು. ಅದಕ್ಕಿಂತ ಮೇಲೆ ಒಂದೂ ಇರಲಿಲ್ಲ.

ಆಗ ಅವಳು ಅದನ್ನು ಯೋಚಿಸಲಿಲ್ಲ.

ಕಾರನ್ನು ತೊಳೆದು, ಬಾಗಿಲ ನಡುವೆ ಉದ್ದಕ್ಕೆ ಟೇಪು ಅಂಟಿಸಿ, ಒಂದು ಭಾಗಕ್ಕೆ ಮಾತ್ರ ಮಿಷಿನ್ ಇಟ್ಟಳು. ಮೆತ್ತನೆಯ ಪ್ಯಾಡು ಸಣ್ಣಗೆ ಗುಂಯ್‌ಗುಡುತ್ತ ಸುತ್ತಿತು. ಒತ್ತಲಿಲ್ಲ, ಆತುರಪಡಲಿಲ್ಲ. ಒಂದು ಅಂಗೈ ಅಗಲ, ಆಮೇಲೆ ಇನ್ನೊಂದು ಅಂಗೈ ಅಗಲ... ಕೊನೆಗೆ ಒರೆಸಿ, ಟೇಪು ಕಿತ್ತು, ದೀಪ ಹಿಡಿದಳು.

ಟೇಪು ಇದ್ದ ಗೆರೆಯ ಈಚೆ ಗೀರುಗಳಿದ್ದವು. ಆಚೆ ಒಂದೂ ಇರಲಿಲ್ಲ. ರಸ್ತೆಯಾಚೆಯ ಹೊಂಗೆ ಮರ ಎಲೆ ಎಲೆಯಾಗಿ ಆ ಕಪ್ಪಿನೊಳಗೆ ಇಳಿದು ನಿಂತಿತ್ತು.

ಚಲುವರಾಜು ಮುಟ್ಟಲಿಲ್ಲ. ಗರ್ಭಗುಡಿಯ ಮುಂದೆ ನಿಂತವನಂತೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿ ನೋಡಿದ.

“ಗೀರೆಲ್ಲ ಮುಚ್ಬುಟ್ರಾ?”

“ಮುಚ್ಚುದ್ರೆ ಎರಡು ಮಳೆಗೆ ಮತ್ತೆ ಕಾಣ್ತವೆ. ಬಣ್ಣದ ಮೇಲೆ ಗಾಜಿನಂಗೆ ಒಂದು ಪದರ ಅದೆ, ಕೂದ್ಲಿಗಿಂತ ತೆಳು. ಅದನ್ನೇ ಒಂಚೂರು ಸವೆಸಿ ಸಮ ಮಾಡ್ದೆ.”

“ಕೂದ್ಲಿಗಿಂತ ತೆಳು ಅಂತೀರಾ... ಅದ್ರೊಳಗೂ ಮರಾನೇ ಬೆಳೆಸ್ಬುಟ್ರಲ್ರೀ!”

ಅವನ ಬೆರಗು ನಾಟಕದ್ದಾಗಿರಲಿಲ್ಲ. ರಂಜಿತ ಸರ್ರನೆ ಮುಖ ತಿರುಗಿಸಿಕೊಂಡಳು.

ಮೂರು ವರ್ಷದ ಹಿಂದೆ ನಿಶ್ಚಿತಾರ್ಥವಾಗಿದ್ದ ಹುಡುಗ ಇದೇ ಅಂಗಡಿ ಬಾಗಿಲಲ್ಲಿ ನಿಂತು, “ಕಾರು ಒರ್ಸೋ ಕೆಲ್ಸ ಬುಟ್ಬುಡು, ನಮ್ಮನೇಲಿ ನಾಚಿಕೆ ಅಂತಾವ್ರೆ,” ಎಂದಿದ್ದ. ಅವಳು ಕೆಲಸ ಬಿಡಲಿಲ್ಲ, ಉಂಗುರ ಬಿಚ್ಚಿ ಕೊಟ್ಟಳು. ತನ್ನ ಕೆಲಸವನ್ನು ಗೌರವಿಸದವನಿಗೆ ತನ್ನ ಮನಸ್ಸಿನಲ್ಲಿ ಜಾಗವಿಲ್ಲ ಎಂದು ಅಂದೇ ತೀರ್ಮಾನಿಸಿದ್ದಳು.

ಇವನು ಕೈಕಟ್ಟಿ ನಿಂತಿದ್ದಾನೆ, ಅವಳ ಕೆಲಸದ ಮುಂದೆ!

ಇಪ್ಪತ್ತು ದಿನಕ್ಕೆ ಕರಿ ಕಾರು ಮತ್ತೆ ಬಂತು. ಎಲೆಯಲ್ಲಿ ಸುತ್ತಿದ ಬೆಣ್ಣೆ ಮುದ್ದೆಯೂ ಜೊತೆಗೆ ಬಂತು. ದೀಪ ಹಿಡಿದರೆ... ಅರ್ಧಚಂದ್ರದಂಥ ಗೀರುಗಳು! ಈ ಸಲ ಬಾಗಿಲ ಹಿಡಿಯನ್ನೂ ದಾಟಿ ಮೇಲಕ್ಕೆ ಹತ್ತಿದ್ದವು.

“ಹುಲ್ಲು ಮುಟ್ಟಬ್ಯಾಡಿ ಅಂದಿದ್ನಲ್ರೀ?”

“ಮರ್ತ್‌ಬುಟ್ಟೆ ಕಣ್ರೀ...”

“ಮಾಡ್ಕೊಡವ್ವಾ, ಬೆಣ್ಣೆ ತಂದವ್ನೆ,” ಎಂದಳು ದ್ಯಾವಮ್ಮ. “ಕಾರಿಗಿಂತ ಓನರ್ರೇ ಜಾಸ್ತಿ ಮಿಂಚ್ತಾವ್ನೆ!”

ರಂಜಿತ ಬೈಯುತ್ತಲೇ ಮಾಡಿಕೊಟ್ಟಳು. ಸಂಜೆಯವರೆಗೂ ಅವನು ಸ್ಟೂಲಿನ ಮೇಲೆ ಕುಳಿತು ನೋಡಿದ. ಯಾವ ಪ್ಯಾಡು ಯಾಕೆ, ಕೈ ಎಷ್ಟು ಭಾರ ಬಿಡಬೇಕು, ಎಲ್ಲ ಕೇಳಿದ. ಹೊರಡುವಾಗ ಬಿಗಿದುಕೊಂಡಿದ್ದ ಶಟರನ್ನು ಒಂಟಿ ಕೈಯಲ್ಲಿ ಎತ್ತಿ ನಿಲ್ಲಿಸಿದ. ಅವನು ಹೋದ ಮೇಲೆ ಅಂಗಡಿ ಖಾಲಿಯಾದಂತೆ ಅನಿಸಿ ಅವಳಿಗೇ ಅವಳ ಮೇಲೆ ಸಿಟ್ಟು ಬಂತು.

‘ಛೇ... ಏನಾಗ್ತಿದೆ ನನಗೆ?’

ಮೂರನೆಯ ಸಲ ಬಂದಾಗ ಮಾತ್ರ ಅವಳ ತಾಳ್ಮೆ ತಪ್ಪಿತು. ಈಗ ಗೀರುಗಳು ದುಂಡನೆಯ ಪೂರ್ತಿ ಸುತ್ತುಗಳಾಗಿದ್ದವು. ಕಿಟಕಿಯ ಗಾಜಿನ ಅಂಚಿನವರೆಗೂ ಒಂದರ ಮೇಲೊಂದು ಸುತ್ತು!

ಫೋಟೋ ತೆಗೆದು ಅವನ ಮುಖಕ್ಕೆ ಹಿಡಿದಳು. “ಮೇಲಿನ ಪದರ ಎಷ್ಟು ಸಲ ಸವೆಸ್ಲಿ? ಇಂಗೇ ಆದ್ರೆ ಒಂದಿನ ಬಣ್ಣಾನೇ ಎದ್ಬತ್ತದೆ. ನಾನು ಬೆನ್ನು ಬಗ್ಗಿಸಿ ಮಾಡಿದ್ ಕೆಲ್ಸ ನಿಮ್ಗೆ ಆಟ ಆಗ್ಬುಟ್ಟದೆ, ಅಲ್ವಾ?”

“ಅಂಗಲ್ಲ ರಂಜಿತ ಅವ್ರೇ...”

“ಮತ್ತೆಂಗೆ? ಹೇಳಿ!”

ಅವನು ಬಾಗಿಲ ಮೇಲಿನ ಸುತ್ತೊಂದನ್ನು ಬೆರಳಲ್ಲಿ ಸವರಿದ.

“ಈ ಕಾರನ್ನ ಇನ್ಮೇಲೆ ನನ್ನಂಗಡಿಗೆ ತರ್‌ಬ್ಯಾಡಿ.”

“ಸರಿ ಕಣ್ರೀ,” ಎಂದಷ್ಟೇ ಹೇಳಿ ಅವನು ಕಾರು ತಿರುಗಿಸಿಕೊಂಡು ಹೋದ.

ಹೋದವನು ಬರಲೇ ಇಲ್ಲ. ಒಂದು ತಿಂಗಳು ಕಳೆಯಿತು. ರಸ್ತೆಯಲ್ಲಿ ಕಪ್ಪನೆಯದು ಯಾವುದು ಹಾದರೂ ರಂಜಿತಳ ಕತ್ತು ತಾನಾಗಿ ತಿರುಗುತ್ತಿತ್ತು. “ಕತ್ತು ಉಳುಕೀತು ಕಣವ್ವಾ,” ಎಂದು ದ್ಯಾವಮ್ಮ ಛೇಡಿಸಿದರೂ ಮಾತು ಬೆಳೆಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನಿನಲ್ಲಿ ಜಾಗವಿಲ್ಲವೆಂದು ಹಳೆಯ ಫೋಟೋಗಳನ್ನು ಅಳಿಸುತ್ತ ಕುಳಿತಿದ್ದಳು. ಕರಿ ಬಾಗಿಲಿನ ಮೂರು ಫೋಟೋ ಒಂದರ ಹಿಂದೊಂದು ಬಂದವು.

ಬೆರಳು ತಡೆಯಿತು.

ಮೊದಲನೆಯದರಲ್ಲಿ ಚಿಕ್ಕ ಗೆರೆಗಳು. ಎರಡನೆಯದರಲ್ಲಿ ಅರ್ಧ ಸುತ್ತುಗಳು. ಮೂರನೆಯದರಲ್ಲಿ ಪೂರ್ತಿ ಸುತ್ತುಗಳು. ಮೊದಲು ತೊಡೆಯ ಮಟ್ಟ, ಆಮೇಲೆ ಸೊಂಟದ ಮಟ್ಟ, ಆಮೇಲೆ ಎದೆಯ ಮಟ್ಟ...

ಅಜಾಗ್ರತೆಯಿಂದ ಉಜ್ಜುವವನ ಕೈ ಮೊದಲ ದಿನವೇ ಎಲ್ಲ ಕಡೆ ಓಡಾಡುತ್ತದೆ. ಇದು ಹಾಗಲ್ಲ. ಈ ಕೈ ಎತ್ತಲಾಗದೆ ನಿಂತಿದೆ. ಮತ್ತೆ ಎತ್ತಿದೆ. ಅರ್ಧಕ್ಕೆ ಸೋತಿದೆ... ಮತ್ತೆ ಸುತ್ತಿದೆ!

ಬಿಗಿದುಕೊಂಡಿದ್ದ ಈ ಶಟರನ್ನೇ ಒಂಟಿ ಕೈಯಲ್ಲಿ ಎತ್ತಿ ನಿಲ್ಲಿಸಿದವನು ಚಲುವರಾಜು. ಇದು ಅವನ ಕೈಯಲ್ಲ.

‘ದೇವರೇ... ಯಾರ ಕೈ ಇದು?’

ಮಾರನೆಯ ದಿನ ಬೆಳಗಿನ ಏಳಕ್ಕೆ ಅವಳ ಸ್ಕೂಟರು ಬೂಕನಕೆರೆಯಲ್ಲಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಣಸೆ ಮರದಡಿ ಕರಿ ಕಾರು ಧೂಳು ಹಿಡಿದು ನಿಂತಿತ್ತು. ಜಗಲಿಯ ಮೇಲೆ ಮುದುಕರೊಬ್ಬರು ಕುಳಿತಿದ್ದರು. ಅವರ ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತ ವಸ್ತುವಿನಂತೆ ಬಿದ್ದಿತ್ತು.

ಕೊಟ್ಟಿಗೆಯಿಂದ ಹಾಲಿನ ಕ್ಯಾನು ಹಿಡಿದು ಬಂದ ಚಲುವರಾಜು ಅವಳನ್ನು ಕಂಡು ನಿಂತಲ್ಲೇ ನಿಂತ.

ರಂಜಿತ ಫೋನು ಚಾಚಿದಳು. “ಇದು ಅವ್ರ ಕೈ... ಅಲ್ವಾ?”

ಅವನು ಒಂದೊಂದಾಗಿ ಮೂರೂ ಫೋಟೋ ನೋಡಿದ. ಕಣ್ಣು ತುಂಬಿ ಬಂತು.

“ನಮ್ಮಪ್ಪ, ಅಂದಾನಯ್ಯ,” ಎಂದ ಮೆಲ್ಲಗೆ. “ಹೋದ್ ವರ್ಷ ಲಕ್ವ ಹೊಡೀತು. ಬಲಗೈ ಬಿದ್ದೋಯ್ತು. ಎತ್ತು ಸಾಕೋಕಾಗಲ್ಲ ಅಂತ ಜೋಡಿ ಮಾರ್‌ಬುಟ್ವಿ. ಆಸ್ಪತ್ರೆಗೆ ಓಡಾಡಕ್ಕೆ ಈ ಕಾರು ತಂದೆ. ಡಾಕ್ಟ್ರು ಹೇಳಿದ್ ಕೈ ವ್ಯಾಯಾಮ ಒಂದೂ ಮಾಡ್ಲಿಲ್ಲ ಅವ್ರು. ಒಂದಿನ ಬೆಳಿಗ್ಗೆ ನೋಡ್ತೀನಿ... ಹಿಡಿ ಹುಲ್ಲು ಮುದುರ್ಕಂಡು ಕಾರ್ ಉಜ್ತಾವ್ರೆ! ಎತ್ತಿನ್ ಜೊತೆ ಮಾತಾಡ್ದಂಗೆ ಮಾತಾಡ್ಕಂಡು! ಬ್ಯಾಡ ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ.”

“ಮತ್ತೆ ಪಾಲಿಶ್ಶು?”

“ನಿಮ್ಮತ್ರ ಮಾಡಿಸ್ಕಂಡ್ ಬಂದಾಗೆಲ್ಲ, ‘ನೋಡ್ಲಾ ಚಲುವ, ನನ್ ಕೈಲಿ ಎಂಗ್ ಮಿಂಚ್ತಾ ಅದೆ!’ ಅಂತ ಕುಣಿದಾಡೋರು. ಮಾರ್ನೇ ದಿನ ಕೈ ಇನ್ನೊಂದ್ ಗೇಣು ಮೇಲಕ್ಕೆ ಹೋಗ್ತಿತ್ತು. ನೀವು ವಾಪಸ್ ಕಳಿಸಿದ್‌ಮ್ಯಾಲೆ ಮಿಂಚ್ಲಿಲ್ಲ. ‘ನನ್ ಕೈ ಸತ್ವ ಹೋಯ್ತು’ ಅಂತ ಬುಟ್ಬುಟ್ರು.”

ರಂಜಿತ ತನ್ನ ಕೆಲಸವನ್ನು ಆಟ ಮಾಡಿಕೊಂಡಿದ್ದಾನೆ ಎಂದುಕೊಂಡಿದ್ದಳು. ಅದೇ ಕೆಲಸ ಇಲ್ಲಿ, ಈ ಜಗಲಿಯ ಮೇಲೆ, ಸತ್ತ ಕೈಯೊಂದನ್ನು ಗೇಣು ಗೇಣಾಗಿ ಎತ್ತುತ್ತಿತ್ತು!

“ನಂಗೆ ಯಾಕೆ ಹೇಳ್ಲಿಲ್ಲ ನೀವು?”

“ದನ ಕಾಯೋನು ಅಂದ್ರಲ್ಲ ನೀವು...” ಅವನು ನೆಲ ನೋಡಿದ. “ಆಮ್ಯಾಲೆ ಅದು ನಮ್ಮಪ್ಪ ಅನ್ನಕ್ಕೆ ಮನಸ್ ಬರ್ಲಿಲ್ಲ.”

ಅವಳು ತುಟಿ ಕಚ್ಚಿಕೊಂಡು ಸ್ಕೂಟರಿನಿಂದ ಬಕೆಟ್ಟು ಇಳಿಸಿದಳು. ಸೋಪಿನ ನೀರು ಕಲಸಿ, ಕುರಿಮರಿಯ ಮೈಯಂಥ ಮೆತ್ತನೆಯ ತೊಳೆಯುವ ಕೈಗವಸನ್ನು ಅದರಲ್ಲಿ ಅದ್ದಿಟ್ಟಳು. ಮೊದಲು ನೀರು ಸುರಿದು ಕಾರಿನ ಧೂಳೆಲ್ಲ ಇಳಿಸಿದಳು. ಆಮೇಲೆ ಅಂದಾನಯ್ಯನವರ ಮುಂದೆ ಹೋಗಿ ಮಂಡಿಯೂರಿದಳು.

“ಅಪ್ಪಾಜಿ, ನಿಮ್ ಎತ್ತಿನ ಮೈ ಧೂಳಾಗದೆ. ಇವತ್ತು ಹುಲ್ಲು ಬ್ಯಾಡ, ಇದ್ರಲ್ಲಿ ಉಜ್ಜಿ.”

ಮುದುಕರು ಅವಳನ್ನು ದಿಟ್ಟಿಸಿದರು. “ಯಾರವ್ವಾ ನೀನು?”

“ನಿಮ್ ಕೈಗೆ ಬೈದೋಳು.”

ಅವರು ಅವಳ ಅಂಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮಿಷಿನ್ ಹಿಡಿದು ಜಡ್ಡುಗಟ್ಟಿದ ಅಂಗೈ. ಬೊಚ್ಚು ಬಾಯಲ್ಲಿ ನಗೆ ಹರಡಿತು.

“ಓ... ಈ ಕೈಯಾ! ಹುಲ್ಲಲ್ ಉಜ್ಜುದ್ರೆ ಕಬ್ಬಿಣ ಅಂಗ್ ಮಿಂಚ್ತದಾ? ನಂಗೊತ್ತಿಲ್ವಾ? ನನ್ ಹಿಂದೆ ಇನ್ನೊಂದ್ ಕೈ ಅದೆ ಅಂತ ಮೊದಲ್ನೇ ದಿನವೇ ಗೊತ್ತಾಯ್ತು. ಆ ಕೈ ಬರದು ನಿಂತೋಯ್ತಲ್ಲ, ಅದ್ಕೇ ನಾನೂ ಸುಮ್ಕಾದೆ.”

ಚಲುವರಾಜು ಬಾಯಿ ತೆರೆದು ನಿಂತ. “ಅಪ್ಪಾ... ಗೊತ್ತಿತ್ತಾ ನಿಂಗೆ?!”

“ಹಾಲ್ ಹಾಕೋಗ್ಲಾ, ಡೈರಿ ಮುಚ್ತಾರೆ!”

ಅವನು ಕದಲಲಿಲ್ಲ. ಅಂದಾನಯ್ಯ ಎದ್ದರು. ಕೈಗವಸಿನೊಳಗೆ ಸೇರಿದ ಬಲಗೈ ನಡುಗುತ್ತ ಬಾಗಿಲು ಮುಟ್ಟಿತು. ಒಂದು ಸುತ್ತು. ಇನ್ನೊಂದು... ನೊರೆ ಹಿಡಿಯನ್ನು ದಾಟಿತು, ಗಾಜಿನ ಅಂಚನ್ನು ದಾಟಿತು. ಕೈ ತಡೆಯಿತು, ನಡುಗಿತು, ಮತ್ತೆ ಏರಿತು. ಕಾರಿನ ನೆತ್ತಿಯನ್ನು ಮುಟ್ಟಿಬಿಟ್ಟಿತು!

ಮುದುಕರು ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿದರು. ಆಮೇಲೆ ಒದ್ದೆ ಕೈಗವಸು ಕಳಚಿ, ಅದೇ ಕೈಯನ್ನು ರಂಜಿತಳ ತಲೆಯ ಮೇಲೆ ಇಟ್ಟರು. ಅವಳ ಹಣೆಯ ಮೇಲೆ ನೀರಿಳಿಯಿತು. ಕಣ್ಣಿಂದಲೂ ಇಳಿಯಿತು.

ಅಂದಾನಯ್ಯ ಮತ್ತೆ ಕಾರಿನ ಕಡೆ ತಿರುಗಿ, ಎತ್ತಿನೊಡನೆ ಮಾತಿಗಿಳಿದರು. ಬಾಗಿಲ ಹಿಡಿಯ ಪಕ್ಕದಲ್ಲಿ, ಪೂರ್ತಿ ಸುತ್ತುಗಳ ನಡುವೆ ಅರ್ಧಕ್ಕೇ ನಿಂತ ಒಂದು ಹಳೆಯ ಸುತ್ತು ಬಿಸಿಲಿಗೆ ಮಿನುಗಿತು.

“ಉಳ್ದಿದ್ದೆಲ್ಲ ನಿಧಾನಕ್ಕೆ ತೆಗೀತೀನಿ,” ಎಂದಳು ರಂಜಿತ. “ಇದೊಂದು ಇರ್ಲಿ.”

“ರಂಜಿತ ಅವ್ರೇ...” ಚಲುವರಾಜು ಹತ್ತಿರ ಬಂದ. “ಮೊದಲ್ನೇ ಸಲ ಅಪ್ಪನಿಗೋಸ್ಕರ ಬಂದಿದ್ದೆ. ಆಮೇಲೆ... ಬರೀ ಅಪ್ಪನಿಗೋಸ್ಕರ ಅಲ್ಲ.”

ಅವಳ ಕೆನ್ನೆ ಬಿಸಿಯಾಯಿತು. ಸುಮ್ಮನೆ ಬಟ್ಟೆ ಹಿಂಡುತ್ತ ನಿಂತಳು.

“ಏನಾದ್ರೂ ಹೇಳ್ರೀ...”

“ಈ ಕಾರನ್ನ ನನ್ನಂಗಡಿಗೆ ತರ್‌ಬ್ಯಾಡಿ ಅಂದಿದ್ದೆ. ಈಗ್ಲೂ ಅದೇ ಮಾತು.”

ಅವನ ಮುಖ ಬಾಡಿತು. “ಯಾಕ್ರೀ?”

“ನಾನೇ ಇಲ್ಲಿಗೆ ಬತ್ತೀನಿ. ಅಪ್ಪಾಜಿ ದಿನಾ ತೊಳೀತಾರಲ್ವಾ, ಪಕ್ಕದಲ್ಲಿ ಯಾರಾದ್ರೂ ಬೇಕು.”

“ದಿನಾನಾ? ಪ್ಯಾಟೆಯಿಂದ ಬೂಕನಕೆರೆಗೆ ದಿನಾ ಬಂದೋಗದು ಕಷ್ಟ ಆಗಲ್ವಾ ನಿಮ್ಗೆ?”

ರಂಜಿತ ತಲೆಯೆತ್ತಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ಈ ಮನೆಯಿಂದ ಅಂಗಡಿಗೆ ಹೋಗಿ ಬರದು ಏನ್ ಕಷ್ಟ?”