ಏರಿಯ ಮೇಲೆ ಇಲ್ಲದ ಮನೆ

“ಇವರಾ ಮೇಡಂ ನನ್ನ ಕೇಸು ನೋಡೋರು? ಎಸ್ಸೆಲ್ಸಿ ಮುಗಿಸಿ ಕೋಳಿ ಕಳ್ಳರ ಹಿಂದೆ ಓಡಾಡೋರಿಗೆ ವೆಬ್‌ಸೈಟು ಅಂದ್ರೆ ತಿನ್ನೋದೋ ಕುಡಿಯೋದೋ ಗೊತ್ತಿರುತ್ತಾ?”

2025ರ ನವೆಂಬರ್ 11, ಮಂಗಳವಾರ, ಬೆಳಗ್ಗೆ 10.20. ಬೇಲೂರು ಠಾಣೆಗೆ ದೂರು ತಂದಿದ್ದ ಶರತ್ಚಂದ್ರ ಬೆರಳು ಮಾಡಿ ತೋರಿಸಿದ್ದು ಹೆಡ್ ಕಾನ್‌ಸ್ಟೆಬಲ್ ಇಂದ್ರೇಶನನ್ನು. ಬೆಂಚಿನ ಮೇಲಿದ್ದ ನಾಲ್ವರಿಗೂ, ಟೀ ತಂದಿದ್ದ ಹನುಮಮ್ಮನಿಗೂ ಮಾತು ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು. ಇಂದ್ರೇಶನ ಕಿವಿ ಕಾದ ಹೆಂಚಾಯಿತು. ಇಪ್ಪತ್ತೆರಡು ವರ್ಷದ ಸರ್ವಿಸ್ಸು ಆ ನಗುವಿನ ಮುಂದೆ ಕಡ್ಲೆಪುರಿಯಂತೆ ಹಾರಿಹೋಯಿತು.

ಇನ್‌ಸ್ಪೆಕ್ಟರ್ ಉಷಾರಾಣಿ ತಲೆ ಎತ್ತಲಿಲ್ಲ. “ದೂರು ಹೇಳಿ.”

ಶರತ್ಚಂದ್ರನದು ಹಳೇಬೀಡಿನ ಕೆರೆ ಪಕ್ಕದ ‘ಏರಿಮನೆ’ ಹೋಂಸ್ಟೇ. ಹಳೇಬೀಡಲ್ಲಿ ಉಳಿಯೋ ಜಾಗ ಅಂತ ಯಾರು ಸರ್ಚ್ ಮಾಡಿದರೂ ನಾಲ್ಕು ವರ್ಷ ಅದೇ ಮೊದಲು ಕಾಣುತ್ತಿತ್ತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನವರಿಂದ ಹೊಸ ಸೈಟು ಮಾಡಿಸಿದ. ಅದು ಮೂರನೇ ಪುಟಕ್ಕೆ ಜಾರಿತು. ಮೊದಲನೇ ಜಾಗದಲ್ಲಿ ಈಗ ಅದೇ ಹೆಸರಿನ ಇನ್ನೊಂದು ಪುಟ ಬಂದು ಕೂತಿದೆ; ಹೆಸರು ಕಂಡಿದ್ದೇ ಅವನು ಠಾಣೆಗೆ ಓಡಿಬಂದಿದ್ದ, ಒಳಗೆ ತೆರೆದು ನೋಡಿರಲಿಲ್ಲ. ಮ್ಯಾಪಿನಲ್ಲಿ ಮನೆಯ ಗುರುತನ್ನು ಯಾರೋ ಕೆರೆ ಏರಿಗೆ ಸರಿಸಿದ್ದಾರೆ.

“ಮೂರನೇ ಪುಟದಲ್ಲಿರೋನು ಸತ್ತಂಗೆ ಮೇಡಂ. ಅಲ್ಲೀವರೆಗೆ ಯಾರೂ ಹುಡುಕಲ್ಲ.”

“ಅನುಮಾನ?”

“ಆಚೆ ರೆಸಾರ್ಟಿನೋರು. ಇದು ಚೆನ್ನಾಗಿ ಓದಿದೋರ ಕೆಲಸ.”

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಐಟಿ ಕಾಯ್ದೆ, ಕಲಂ 66ಸಿ, 66ಡಿ: ಬೇರೆಯವರ ಗುರುತು ಕದ್ದು ಮೋಸ. ಪುಟ ಯಾರದೆಂದು ತಿಳಿಸುವಂತೆ ಹಾಸನದ ಸೈಬರ್ ಠಾಣೆಗೆ ಪತ್ರ ಹೋಯಿತು. ಉತ್ತರಕ್ಕೆ ಎರಡು ವಾರವಾದರೂ ಬೇಕು. ಶರತ್ಚಂದ್ರ ಹೋದ ಮೇಲೆ ಉಷಾರಾಣಿ ಹೇಳಿದರು: “ಇಂದ್ರೇಶ್, ಶುಕ್ರವಾರದೊಳಗೆ ಹಿಡೀರಿ. ನಕ್ಕೋರ ಮುಂದೇನೇ ತಂದು ನಿಲ್ಲಿಸಿ.”

ಬುಧವಾರ ಬೆಳಗ್ಗೆ 6.10. ಏರಿಯ ಮೇಲೆ ಇಂದ್ರೇಶ ಒಬ್ಬನೇ ನಡೆದ. ಕೆರೆ ಇತ್ತೋ ಇಲ್ಲವೋ, ಮಂಜು ಅಷ್ಟು ದಟ್ಟವಾಗಿತ್ತು. ನೀರೇ ಎದ್ದು ನಿಂತು ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಅದರೊಳಗಿಂದ ಒಂದು ಕೆಂಪು ಸೂಟ್‌ಕೇಸು ಮೂಡಿತು. ಆಮೇಲೆ ಒಂದು ಕಲ್ಲು. ಕಲ್ಲಿನ ಮೇಲೆ ಗಂಡ ಹೆಂಡತಿ.

“ಏರಿಮನೆ ಹುಡುಕ್ತಿದ್ದೀರಾ?”

“ಹುಡುಕ್ತಿದ್ವಿ,” ಅಂದಳು ಹೆಂಡತಿ, ನೀರಿನ ಕಡೆಯಿಂದ ಕಣ್ಣು ತೆಗೆಯದೆ. “ಮನೆ ಇಲ್ಲ ಅಂತ ಮೊದಲು ಸಿಟ್ಟು ಬಂತು. ಈಗ ಎದ್ದು ಹೋಗೋಕೇ ಮನಸ್ಸಾಗ್ತಿಲ್ಲ.”

ಅವಳ ಫೋನಿನಲ್ಲಿ ಪುಟ ತೆರೆದಿತ್ತು. ರಾಗಿ ರೊಟ್ಟಿ ತಟ್ಟುತ್ತಿರುವ ಎರಡು ಕೈಗಳ ಚಿತ್ರ, ಮುಖವಿಲ್ಲ. ಕೆಳಗೆ ಬರಹ: ‘ಅರಸೀಕೆರೆ ಸ್ಟೇಷನ್ನಿನಿಂದ ಬೇಲೂರು ಬಸ್ಸು ಹತ್ತಿ. ಜಾವಗಲ್‌ನಲ್ಲಿ ಸಿದ್ದಬಸಪ್ಪನ ಮಂಡಿ ಮುಂದೆ ಐದು ನಿಮಿಷ ನಿಲ್ಲುತ್ತದೆ, ಇಳಿಯಬೇಡಿ. ಹಳೇಬೀಡಲ್ಲಿ ಇಳಿದು, ಏರಿ ಮೇಲಿನ ಕಲ್ಲಿನ ಮೇಲೆ ಹತ್ತು ನಿಮಿಷ ಕೂರಿ. ಯಾರೂ ಕರೆಯುವುದಿಲ್ಲ.’ ಕೊನೆಗೆ ಒಂದು ಹೆಂಗಸಿನ ಧ್ವನಿ: “ಉಂಡ್ಕಂಡು ಹೋಗ್ರಪ್ಪ, ದೂರದಿಂದ ಬಂದಿದ್ದೀರಿ.”

ಇಂದ್ರೇಶ ಎರಡು ಸಲ ಓದಿದ. ಸಿದ್ದಬಸಪ್ಪನ ಕೊಬ್ಬರಿ ಮಂಡಿ ಮುಚ್ಚಿ ಹನ್ನೆರಡು ವರ್ಷ, ಕಟ್ಟಡವೂ ಇಲ್ಲ. ರೆಸಾರ್ಟಿನ ಯಾವ ಓದಿದವನಿಗೂ ಆ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಇಲ್ಲದ ಮಂಡಿಯನ್ನು ಇನ್ನೂ ಗುರುತು ಹೇಳುವವರು ಜಾವಗಲ್‌ನಲ್ಲೇ ಹುಟ್ಟಿ, ಅಲ್ಲೇ ಬಸ್ಸಿಗೆ ಕಾದವರು.

11.30ಕ್ಕೆ ಜಾವಗಲ್. ಸ್ಟಾಪಿನಲ್ಲಿ ಹೂ ಕಟ್ಟುತ್ತಿದ್ದ ವೆಂಕಟಲಕ್ಷ್ಮಮ್ಮನಿಗೆ ಆ ಧ್ವನಿ ಕೇಳಿಸಿದ. ಮುದುಕಿಯ ಕೈಯಿಂದ ದಾರ ಜಾರಿತು.

“ಅಯ್ಯೋ, ಇವ್ಳು ನಮ್ಮ ಲಕ್ಕಮ್ಮ ಕಣಪ್ಪ! ಹಳೇಬೀಡಿನ ಏರಿಮನೆಗೆ ಅಡುಗೆ ಕೆಲಸಕ್ಕೆ ದಿನಾ ಇಲ್ಲಿಂದ್ಲೇ ಬಸ್ ಹತ್ತೋಳು. ಸತ್ತು ಎಂಟು ತಿಂಗ್ಳಾತು. ಇವ್ಳ ಮಾತು ಇದ್ರೊಳಗೆ ಹೆಂಗೆ ಬಂತು?”

“ಮನೇಲಿ ಯಾರವ್ರೆ?”

“ಮಗ ರಘು. ಅಗೋ, ಮಂಡಿ ಜಾಗದಾಗೆ ಮೊಬೈಲ್ ರಿಪೇರಿ ಮಾಡ್ತಾನಲ್ಲ.”

ರಘುವಿಗೆ ಇಪ್ಪತ್ತಮೂರು ಇರಬಹುದು. ಖಾಕಿ ಕಂಡು ಓಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ.

“ಆ ಪುಟ ನಿಂದಾ?”

“ಹೂಂ ಸಾ. ಹಳೇ ಸೈಟೂ ನಂದೇ.”

“ಗುರುತು ಸರಿಸಿದ್ದು?”

“ನಾನೇ. ಮ್ಯಾಪಿನ ಹಳೇ ಪಾಸ್‌ವರ್ಡು ಓನರ್ರು ಬದಲಾಯಿಸಿರ್ಲಿಲ್ಲ.”

“ಎಷ್ಟು ಓದಿದ್ದೀಯ?”

“ಒಂಬತ್ತು.”

“ಮತ್ತೆ ಮೊದಲನೇ ಜಾಗಕ್ಕೆ ಹೆಂಗ್ಲಾ ತಂದೆ?”

“ಬಂದೋರೆಲ್ಲ ಅಮ್ಮನ ಅಡುಗೆ ಬಗ್ಗೇನೇ ಬರೆಯೋರು ಸಾ. ಒಬ್ಬೊಬ್ರನ್ನೂ ಕೇಳ್ಕಂಡೆ, ನೀವು ಬರೆದ ಕಡೆ ನಮ್ಮ ಪುಟದ ಲಿಂಕ್ ಹಾಕಿ ಅಂತ. ಇನ್ನೂರು ಜನ ಹಾಕಿದ್ರು. ಜನ ಬಂದು, ನಿಂತು ಓದಿದ್ರೆ ಸರ್ಚು ತಾನೇ ಮೇಲಕ್ಕೆ ಎತ್ತುತ್ತೆ. ಓನರ್ರು ಹೊಸ ಸೈಟು ಮಾಡಿಸ್ದಾಗ ಆ ಇನ್ನೂರು ಜನಕ್ಕೇ ಬರೆದೆ, ಅಮ್ಮ ಈಗಿಲ್ಲ, ಅವ್ಳ ಪುಟಾನ ನಾನೇ ಬೇರೆ ಮಾಡಿದ್ದೀನಿ ಅಂತ. ಎಲ್ರೂ ಲಿಂಕ್ ಬದಲಾಯಿಸಿದ್ರು.”

“ಯಾಕೆ ಮಾಡ್ದೆ?”

“ಹೊಸ ಸೈಟಲ್ಲೂ ಅಮ್ಮನ ಪುಟ ಇರ್ಲಿ ಅಂತ ಕೇಳ್ದೆ. ಓನರ್ರು ಗೆಸ್ಟುಗಳ ಮುಂದೇನೇ ಅಂದ್ರು, ‘ಅಡುಗೆಯೋಳ ಕೈ ತೋರಿಸಿ ರೂಮು ಬಾಡಿಗೆ ಕೊಡಬೇಕೇನ್ಲಾ’ ಅಂತ. ಎಲ್ಲಾ ನಕ್ಕರು. ನಾಲ್ಕು ವರ್ಷ ಆ ಕೈಲೇ ಉಂಡೋರು ಸಾ.”

ಇಂದ್ರೇಶನಿಗೆ ಠಾಣೆಯ ಬೆಂಚಿನ ನಗು ಮತ್ತೆ ಕೇಳಿಸಿತು.

“ಏರಿ ಮೇಲಿನ ಕಲ್ಲು?”

“ಬಸ್ಸಿಳಿದು ಕೆಲಸಕ್ಕೆ ಮುಂಚೆ ಅಲ್ಲಿ ಹತ್ತು ನಿಮಿಷ ಕೂರೋಳು. ದಿನದಾಗೆ ಅವ್ಳಿಗೆ ಅಂತ ಇದ್ದಿದ್ದು ಅಷ್ಟೇಯ.”

“ಧ್ವನಿ ನಿನ್ನ ಮೊಬೈಲಲ್ಲೇ ಐತಲ್ಲೋ. ಕೇಳ್ಕಂಡು ಸುಮ್ನಿರಬಾರದಿತ್ತಾ?”

“ನನ್ ತಾವ ಇದ್ರೆ ನಾನೊಬ್ನೇ ಕೇಳ್ತೀನಿ. ಅಲ್ಲಿದ್ರೆ ಜನ ಹುಡುಕ್ಕಂಡು ಬತ್ತಾರೆ.” ಆಮೇಲೆ ಕೇಳಿದ: “ಪುಟ ತೆಗೆದುಬಿಡ್ತೀರಾ ಸಾ?”

ಇಂದ್ರೇಶ ಇನ್‌ಸ್ಪೆಕ್ಟರಿಗೆ ಫೋನು ಮಾಡಿದ. ಮಧ್ಯಾಹ್ನ 1.40ಕ್ಕೆ ಇಬ್ಬರು ಪಂಚರ ಮುಂದೆ ಲ್ಯಾಪ್‌ಟಾಪು, ಮೊಬೈಲು ಜಪ್ತಿಯಾದವು. ಪಂಚನಾಮೆಗೆ ಸಹಿ ಬಿತ್ತು. 2.10ಕ್ಕೆ ಬಂಧನ. ಜೀಪಿನಲ್ಲಿ ರಘು ಎಡಗಡೆ ಕೂತು, ಹಳೇಬೀಡಿನ ಕೆರೆ ಬಂದು ಹೋಗುವ ತನಕ ಹೊರಗೇ ನೋಡುತ್ತಿದ್ದ.

ಗುರುವಾರ ಬೆಳಗ್ಗೆ ಉಷಾರಾಣಿ ಕೇಸ್ ಡೈರಿ ತೆರೆದರು. “ಮ್ಯಾಪಿನ ಗುರುತು ಸರಿಪಡಿಸಿ ಆಯ್ತು. ಪುಟ ಸಾಕ್ಷ್ಯ, ಕೋರ್ಟು ಹೇಳೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಕಾರಣ ಏನಂತ ಬರೀಲಿ?”

“ಹುಡುಕಿದ್ರೆ ಅವರಮ್ಮ ಮೊದಲು ಸಿಗಲಿ ಅಂತ ಮೇಡಂ.”

ಅವರು ಪೆನ್ನು ಎತ್ತಿಕೊಂಡರು. ಹಾಗೆಯೇ ಬರೆದರು.

ಅಷ್ಟರಲ್ಲಿ ಶರತ್ಚಂದ್ರ ಬಂದ. ಬೆಂಚು ತುಂಬಿತ್ತು. ಹನುಮಮ್ಮ ಟೀ ಹಂಚುತ್ತಿದ್ದಳು.

“ಸಿಕ್ಕಿದ್ನಂತೆ! ಪರವಾಗಿಲ್ವೇ ಇಂದ್ರೇಶ್ ಅವ್ರೇ! ಯಾರು, ರೆಸಾರ್ಟಿನ ಇಂಜಿನಿಯರಾ?”

ಇಂದ್ರೇಶ ಮೊಬೈಲು ತೆಗೆದು ಆ ಪುಟ ತೆರೆದ. ಎರಡು ಕೈಗಳು ರೊಟ್ಟಿ ತಟ್ಟುತ್ತಿದ್ದವು. ಠಾಣೆಯ ತುಂಬ ಆ ಧ್ವನಿ ಹರಡಿತು: “ಉಂಡ್ಕಂಡು ಹೋಗ್ರಪ್ಪ, ದೂರದಿಂದ ಬಂದಿದ್ದೀರಿ.” ಹನುಮಮ್ಮನ ಕೈಲಿದ್ದ ಲೋಟ ಅಲ್ಲೇ ನಿಂತಿತು.

ಶರತ್ಚಂದ್ರ ಹುಬ್ಬು ಗಂಟಿಕ್ಕಿ ಚಿತ್ರ ನೋಡಿದ, ಮತ್ತೊಮ್ಮೆ ನೋಡಿದ.

“ಯಾರದ್ರೀ ಈ ಕೈ?”

ಇಂದ್ರೇಶ ಮೊಬೈಲನ್ನು ಜೇಬಿಗಿಟ್ಟ. ಟೋಪಿ ಹಾಕಿಕೊಂಡು, ಬೆಂಚಿನವರ ಮುಂದೆ ಹಾದು, ಮೆಟ್ಟಿಲಿಳಿದು ಹೊರಟುಹೋದ.