ಮೂರು ಇಂಚಿನ ತಪ್ಪು

"ನಮ್ಮ ಮಗು ಊಟ ಬಿಟ್ಟು ತಟ್ಟೆ ಮುಂದೆ ಕೂತು ಅಳ್ತಿದೆ. ಇದನ್ನ ಬರೆದೋರು ನೀವೇನಾ?"

ಶಾಲೆಯ ಆರೋಗ್ಯ ಕೊಠಡಿಯ ಬಾಗಿಲಲ್ಲಿ ನಿಂತವನು ಎದುರು ಬೀದಿಯ ಟೈಲರ್. ಕೊರಳಲ್ಲಿ ಟೇಪು, ಕೈಯಲ್ಲಿ ನರ್ಸ್ ಕಚೇರಿಯ ಸೀಲು ಹಾಕಿಸಿ ಮನೆಗೆ ಕಳಿಸಿದ್ದ ಚೀಟಿ: 'ಎತ್ತರಕ್ಕೆ ಹೋಲಿಸಿದರೆ ತೂಕ ಹೆಚ್ಚು.'

ನರ್ಸ್ ಚೀಟಿ ತೆಗೆದುಕೊಂಡು ಹೆಸರು ನೋಡಿದಳು. ಐದನೇ ತರಗತಿಯ ಆ ಹುಡುಗಿಗೆ ಅಪ್ಪ ಅಮ್ಮ ಇಲ್ಲ, ಸಾಕುತ್ತಿರುವವನು ಮದುವೆಯಾಗದ ಈ ಚಿಕ್ಕಪ್ಪ ಎಂದು ಅವಳಿಗೆ ಗೊತ್ತಿತ್ತು.

"ಎತ್ತರ ಅಳೆಯೋ ಕೋಲು ತೋರಿಸಿದ್ದನ್ನೇ ಬರೆದಿದ್ದೀನಿ..."

"ಹೋದ ತಿಂಗಳು ತಾನೇ ಅವಳ ಲಂಗದ ಅಂಚಿನ ಹೊಲಿಗೆ ಬಿಚ್ಚಿ ಮೂರು ಇಂಚು ಇಳಿಸಿದ್ದೀನಿ. ನಿಮ್ಮ ಕೋಲಿನ ಹತ್ರ ಬಂದ ತಕ್ಷಣ ಕುಗ್ಗಿಬಿಟ್ಳಾ?"

ಅವನು ಕೂಗಲಿಲ್ಲ. ಕೂಗಿದ್ದರೆ ಅವಳೂ ತಿರುಗಿ ಏನಾದರೂ ಹೇಳಬಹುದಿತ್ತು.

ನರ್ಸ್ ಹುಡುಗಿಯನ್ನು ಕರೆಸಿ ಮತ್ತೆ ಕೋಲಿನ ಪಕ್ಕ ನಿಲ್ಲಿಸಿದಳು. ಏನೋ ಅನುಮಾನ ಬಂದು ಉದ್ದ ಲಂಗದ ಮೇಲಿಂದಲೇ ಮಂಡಿ ಮುಟ್ಟಿ ನೋಡಿದಳು. ಮಡಚಿತ್ತು!

"ಯಾಕೆ ಪುಟ್ಟಿ?"

"ಉದ್ದ ಬಂದ್ರೆ ಎಲ್ಲರೂ ಏಣಿ ಅಂತಾರೆ ಮಿಸ್..."

ಮಂಡಿ ನೇರವಾಯಿತು. ಎತ್ತರ ಮೂರು ಇಂಚು ಏರಿತು. ಮಗುವಿನ ತೂಕದಲ್ಲಿ ತಪ್ಪೇ ಇರಲಿಲ್ಲ.

ನರ್ಸ್ ಅಂದೇ ಆರೋಗ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿದಳು, ಪಟ್ಟಿ ತಿದ್ದಿ ಎಂದು ಗೋಗರೆದಳು. "ಪಟ್ಟಿ ಮೇಲಕ್ಕೆ ಹೋಗಾಯ್ತು. ಇನ್ನು ಮುಂದಿನ ವರ್ಷದ ಅಳತೇಲಿ ನೋಡೋಣ" ಎಂದರು. ಕಚೇರಿಯ ಸೀಲಿಲ್ಲದೆ, ತನ್ನ ಕೈಯಾರೆ ಸರಿಯಾದ ಚೀಟಿ ಬರೆದು ಕೊಟ್ಟಳು. ಹುಡುಗಿ ಅದನ್ನು ತಿರುವಿ ಮುರುವಿ ನೋಡಿದಳು.

"ಮೊದಲನೇದಕ್ಕೆ ಸೀಲ್ ಇತ್ತಲ್ಲ ಮಿಸ್?"

'ಅಯ್ಯೋ... ಒಂದು ಕ್ಷಣ ಬಗ್ಗಿ ನೋಡಿದ್ದರೆ ಸಾಕಿತ್ತು' ಎಂದು ನರ್ಸ್ ತನ್ನನ್ನೇ ಬೈದುಕೊಂಡಳು.

ಅಂದಿನಿಂದ ದಿನಾ ಸಂಜೆ ತನ್ನ ಡಬ್ಬಿ ಹಿಡಿದು ಟೈಲರ್ ಅಂಗಡಿಗೆ ಹೋಗಿ, ಬಟ್ಟೆ ತುಂಡುಗಳ ನಡುವೆ ಹುಡುಗಿಯ ಜೊತೆ ಕೂತು ಉಣ್ಣತೊಡಗಿದಳು. ಒಂದು ದಿನ ನಾಲ್ಕು ತುತ್ತು ಇಳಿದರೆ ಮರುದಿನ ಎರಡೇ. ಬೈಯುವಂತಿಲ್ಲ, ಬಲವಂತ ಮಾಡುವಂತಿಲ್ಲ. ದೊಡ್ಡವರಿಬ್ಬರೂ ಕೈಕಟ್ಟಿ ಆ ಪುಟ್ಟ ಬಾಯನ್ನೇ ನೋಡುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಸಂಜೆ ಅರ್ಧ ತಟ್ಟೆ ಖಾಲಿಯಾಯಿತು. ನರ್ಸ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ತಪ್ಪು ನಿಮ್ಮೊಬ್ಬರದ್ದೇ ಅಲ್ಲ. ಮಂಡಿ ಕಾಣದ ಹಾಗೆ ಹೊಲಿದೋನು ನಾನು" ಎಂದ ಅವನು, ಮೆಲ್ಲಗೆ. "ನಿಮ್ಮ ಕೋಟಿನ ಭುಜ ಒಂದಿಂಚು ಸಡಿಲ. ಮೊದಲ ದಿನಾನೇ ನೋಡಿದ್ದೆ."

"ಜಗಳಕ್ಕೆ ಬಂದೋರು ಭುಜ ನೋಡಿದ್ರಾ?"

"ಜಗಳಕ್ಕೇ ಬಂದಿದ್ದೆ... ಈಗ ನೀವು ಬರದ ಸಂಜೆ ನಂಗೂ ಊಟ ಸೇರಲ್ಲ."

ಅವಳು ಡಬ್ಬಿ ಮುಚ್ಚಿಟ್ಟಳು. ಎದ್ದು ಅವನ ಮುಂದೆ ನಿಂತಳು.

"ಹಾಗಾದ್ರೆ ಅಳತೆ ತಗೊಳ್ಳಿ. ಇನ್ಮೇಲೆ ಒಂದು ಸಂಜೇನೂ ತಪ್ಪಿಸಲ್ಲ."

ಅವನು ಕೊರಳಿಂದ ಟೇಪು ತೆಗೆದು ಅವಳ ಭುಜಕ್ಕಿಟ್ಟ. ತಟ್ಟೆಯ ಮುಂದಿನಿಂದ ಹುಡುಗಿ ತಲೆ ಎತ್ತಿದಳು.

"ಮಿಸ್, ಮಂಡಿ ಮಡಚಬೇಡಿ."

"ಇಲ್ಲ ಪುಟ್ಟಿ, ನೇರ ನಿಂತಿದ್ದೀನಿ. ನೀನು ಉಣ್ಣು."