ಹೆಬ್ಬಾತು ನೋಡಲು ಕೊಪ್ಪರಿಗೆ ಏರಿದ ಪಿಳ್ಳಮ್ಮ

ಶಿವರಾತ್ರಿಗೆ ಇನ್ನು ನಾಲ್ಕೇ ದಿನ. ಚಳಿ ‘ಶಿವ ಶಿವ’ ಎಂದು ಹೊರಟರೆ ಹೊಸಕೋಟೆ ಕೆರೆಯ ಹೆಬ್ಬಾತುಗಳೂ ಉತ್ತರಕ್ಕೆ ಹೊರಟುಬಿಡುತ್ತವೆ. ಅಷ್ಟರೊಳಗೆ ಪಿಳ್ಳಮ್ಮ ಅವನ್ನು ಕಣ್ಣಾರೆ ನೋಡಬೇಕು. ೧೯೬೮ರ ಆ ಸಾಹಸದ ಗುರಿ ಇಷ್ಟೇ.

ಪಿಳ್ಳಮ್ಮನಿಗೆ ಮೂವತ್ತೆಂಟು ವರ್ಷ. ಆರನೇ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಎರಡೂ ಕಾಲು ಸೋತಿದ್ದವು. ಜಗಲಿಯ ಮೇಲೆ ಕೂತು ಬೀದಿಯವರ ರಾಗಿಯನ್ನೆಲ್ಲ ಬೀಸುತ್ತಿದ್ದಳು. ತೋಳು ಮಾತ್ರ ಉಕ್ಕು. ಚಳಿಗಾಲದಲ್ಲಿ ಬಾತುಗಳು ಕೂಗುತ್ತ ನೆತ್ತಿಯ ಮೇಲೆ ಹಾದುಹೋದರೆ ಬೀಸುವ ಕಲ್ಲು ತಾನಾಗಿ ನಿಲ್ಲುತ್ತಿತ್ತು. ಇಷ್ಟು ವರ್ಷ ಅವಳು ಕಂಡದ್ದು ಅವುಗಳ ಹೊಟ್ಟೆಯನ್ನಷ್ಟೇ. ಇಳಿದು ಕೂತ ಬಾತನ್ನು ಒಂದನ್ನೂ ನೋಡಿರಲಿಲ್ಲ.

ಹಕ್ಕಿ ಹುಚ್ಚಿನ ವೆಂಕಟರಮಣಪ್ಪ ಮೇಷ್ಟ್ರು ವಾರಕ್ಕೊಮ್ಮೆ ದುರ್ಬೀನು ನೇತುಹಾಕಿಕೊಂಡು ಕೆರೆಗೆ ಹೋಗುತ್ತಿದ್ದರು. ವಾಪಸು ಬರುವಾಗ ಜಗಲಿಯಲ್ಲಿ ಕೂತು ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದರು. ಈ ಸಲ ಅವಳು ಅರ್ಧದಲ್ಲೇ ತಡೆದಳು.

“ಸಾಕು ಬಿಡಿ ಮೇಷ್ಟ್ರೇ. ಊಟದ ಸುದ್ದಿ ಕೇಳಿದ್ರೆ ಹೊಟ್ಟೆ ತುಂಬ್ತದಾ?”

ಮೇಷ್ಟ್ರಿಗೆ ನಾಚಿಕೆಯಾಯಿತು. ಹತ್ತು ವರ್ಷ ವರ್ಣಿಸಿದ ಮಹಾನುಭಾವರಿಗೆ ಅವಳನ್ನೂ ಕರೆದೊಯ್ಯಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ಆದರೆ ಒಯ್ಯುವುದು ಹೇಗೆ? ಬಾತುಗಳು ಕೂರುತ್ತಿದ್ದುದು ಕೆರೆಯ ನಡುವಿನ ದಿಬ್ಬದಲ್ಲಿ. ಮೊದಲು ಎದೆಮಟ್ಟದ ನೀರು, ಆಮೇಲೆ ಕಾಲಿಟ್ಟರೆ ಹೂತುಹೋಗುವ ಕೆಸರು. ದಾರಿ ಕಂಡುಹಿಡಿದವನು ಅವಳ ತಮ್ಮ ಸಂಜೀವಪ್ಪ. ಅವನ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯಿತ್ತು. ಆರಡಿ ಅಗಲದ ಕಬ್ಬಿಣದ ಬಾಣಲೆ ಅದು.

“ಅಷ್ಟೊಂದು ಕಬ್ಬಿನ ಹಾಲು ಹಿಡಿಯೋದು ನಮ್ಮಕ್ಕನ್ನ ಹಿಡಿಯಲ್ವಾ?” ಎಂದ.

ಕೊಪ್ಪರಿಗೆಯ ತಳದಲ್ಲಿ ಒಂದು ಸಣ್ಣ ತೂತಿತ್ತು. ಪ್ರತಿ ವರ್ಷದ ಹಾಗೆ ಸುಣ್ಣಕ್ಕೆ ಬೆಲ್ಲ ಕಲಸಿ ಮೆತ್ತಿದ. ಒಲೆಯ ಮೇಲೆ ಆ ಲೇಪ ಎಂದೂ ಕೈಕೊಟ್ಟಿರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಕೊಪ್ಪರಿಗೆ ಹೊತ್ತ ಎತ್ತಿನ ಗಾಡಿ ಕೆರೆ ಏರಿ ತಲುಪಿತು. ಜೊತೆಗೆ ಹಗ್ಗ ಹೊಸೆಯುವ ರಾಮಾಂಜಿನಪ್ಪನೂ ಬಂದಿದ್ದ. ಹುಟ್ಟಿನಿಂದ ಅವನಿಗೆ ಕಣ್ಣಿಲ್ಲ. “ಹಗ್ಗ ನಂದು. ನಾನೂ ಬರ್ತೀನಿ” ಎಂದು ಗಾಡಿ ಹತ್ತಿಬಿಟ್ಟಿದ್ದ.

ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಜೊಂಡಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು, ಮುಳುಗಿದ ಜಾಲಿಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕಾಯುತ್ತಿದ್ದವು, ದೂರದ ಮದ್ರಾಸ್ ರಸ್ತೆಯಲ್ಲಿ ಒಂದು ಲಾರಿ ಹಾರನ್ ಹೊಡೆದು ಸುಮ್ಮನಾಯಿತು. ನಡುದಿಬ್ಬದಿಂದ ಗುಂಯ್‌ಗುಡುವ ಸದ್ದು ಬರುತ್ತಿತ್ತು. ರಾಮಾಂಜಿನಪ್ಪ ಕಿವಿ ಆ ಕಡೆಗೇ ಇಟ್ಟು ದಡದಲ್ಲಿ ಕೂತ.

ಕೊಪ್ಪರಿಗೆಯ ಬಳೆಗೆ ಹಗ್ಗ ಕಟ್ಟಿ, ಪಿಳ್ಳಮ್ಮನನ್ನು ನಡುವೆ ಕೂರಿಸಿದರು. ಕೈಗೆ ಪಾಕ ತಿರುವುವ ಮರದ ಹುಟ್ಟು, ಪಕ್ಕದಲ್ಲಿ ಚೊಂಬು, ತಂಗಳು ಮುದ್ದೆಯ ಬುತ್ತಿ. ಮೇಷ್ಟ್ರು ತಮ್ಮ ಪ್ರಾಣಕ್ಕಿಂತ ಹೆಚ್ಚಿನ ದುರ್ಬೀನನ್ನು ಅವಳ ಕೊರಳಿಗೆ ಹಾಕಿದರು. ಇಬ್ಬರು ಗಂಡಸರೂ ನಡುಗುತ್ತ ಎದೆಮಟ್ಟದ ನೀರಿನಲ್ಲಿ ಕೊಪ್ಪರಿಗೆ ತಳ್ಳಿದರು. ಕೆಸರು ಸಿಕ್ಕಿದ ಕೂಡಲೇ ನಿಂತರು.

“ಇಲ್ಲಿಂದ ನೀನೇ ಹೋಗ್ಬೇಕು ಕಣಕ್ಕ. ಎರಡು ಸಲ ಹಗ್ಗ ಜಗ್ಗು, ಎಳ್ಕೊತೀವಿ.”

ಅವಳು ಹುಟ್ಟು ಹಾಕಿದಳು. ಕೊಪ್ಪರಿಗೆ ಗಿರ್ರನೆ ಒಂದು ಸುತ್ತು ಸುತ್ತಿತು. ಮತ್ತೆ ಹಾಕಿದಳು. ಈ ಸಲ ಮುಂದೆ ಸರಿಯಿತು.

ಮಂಜು ಹರಿಯಿತು. ಎದುರಿಗೇ ಬಾತುಗಳು, ಮುನ್ನೂರಕ್ಕೆ ಕಡಿಮೆಯಿಲ್ಲ! ಬೂದು ಮೈ, ಬಿಳಿ ತಲೆ, ತಲೆಗೆ ಮಸಿಯಲ್ಲಿ ಎಳೆದಂತೆ ಎರಡು ಪಟ್ಟೆ. ನಿಂತ ಮನುಷ್ಯನನ್ನು ಕಂಡರೆ ಹಾರುವ ಹಕ್ಕಿಗಳು ನೀರಿಗೆ ಅಂಟಿ ಕೂತ ಇವಳನ್ನು ಲೆಕ್ಕಕ್ಕೇ ಇಡಲಿಲ್ಲ.

ಅಷ್ಟರಲ್ಲಿ ತೊಡೆಗೆ ತಣ್ಣಗಾಯಿತು.

ನೀರು! ಬೆಂಕಿಗೆ ಕಲ್ಲಾಗುತ್ತಿದ್ದ ಬೆಲ್ಲ ಸುಣ್ಣದ ಲೇಪ ನೀರಿಗೆ ಕರಗಿಹೋಗಿತ್ತು. ತೂತಿನಿಂದ ನೀರು ಬುಗ್ಗೆಯ ಹಾಗೆ ಏಳುತ್ತಿತ್ತು.

ಕೂಗಿದರೆ ಬಾತು ಹಾರುತ್ತವೆ. ಹಗ್ಗ ಜಗ್ಗಿದರೂ ಹಾರುತ್ತವೆ. ಸುಮ್ಮನಿದ್ದರೆ ಮುಳುಗುತ್ತಾಳೆ.

ಪಿಳ್ಳಮ್ಮ ತುಟಿ ಕಚ್ಚಿದಳು. ಬುತ್ತಿ ಬಿಚ್ಚಿ ಮುದ್ದೆ ತೆಗೆದು ತೂತಿಗೆ ಗಿಡಿದಳು. ನೀರು ಅದನ್ನು ಮೇಲಕ್ಕೆ ತಳ್ಳಿತು. ಮತ್ತೆ ಗಿಡಿದು, ಕೈಯೂರಿ ಜರುಗಿ ಅದರ ಮೇಲೇ ಕೂತುಬಿಟ್ಟಳು.

ನೀರು ನಿಂತಿತು.

ಚೊಂಬಿನಲ್ಲಿ ಸದ್ದಿಲ್ಲದೆ ನೀರು ಎತ್ತಿ ಚೆಲ್ಲಿ, ದುರ್ಬೀನು ಕಣ್ಣಿಗಿಟ್ಟಳು. ಎಲ್ಲ ಬಾತುಗಳೂ ಕೊಕ್ಕನ್ನು ರೆಕ್ಕೆಯಲ್ಲಿಟ್ಟು ನಿದ್ದೆ ಮಾಡುತ್ತಿದ್ದರೆ ಒಂದು ಮಾತ್ರ ಕತ್ತೆತ್ತಿ ಕಾವಲಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ್ದು ಎದ್ದಿತು, ಮೊದಲಿನದು ಮಲಗಿತು. ನಮ್ಮೂರ ತಳವಾರರಿಗಿಂತ ಇವೇ ವಾಸಿ ಎನಿಸಿ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿ ಗಾಜು ಮಬ್ಬಾಯಿತು. ಇಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಬಿಸಿಲೇರಿದಾಗ ಬಾತುಗಳು ತಾವಾಗಿಯೇ ಎದ್ದು ಹೊಲದ ಕಡೆ ಹಾರಿದವು. ಆಗ ಎರಡು ಸಲ ಹಗ್ಗ ಜಗ್ಗಿದಳು. ಅವರು ಎಳೆಯುವಾಗ ತಾವರೆ ಬೇರಿಗೆ ಸಿಕ್ಕಿ ಕೊಪ್ಪರಿಗೆ ವಾಲಿತು, ಒಂದು ಬೊಗಸೆ ನೀರು ನುಗ್ಗಿತು. ಪಿಳ್ಳಮ್ಮ ಅಲುಗಲಿಲ್ಲ.

ದಡ ಮುಟ್ಟಿದಾಗ ಸಂಜೀವಪ್ಪನ ಹಲ್ಲು ಕಟಕಟ ಎನ್ನುತ್ತಿತ್ತು. “ಏಳಕ್ಕ, ಎತ್ಕೊತೀನಿ.”

“ತಡಿಯೋ. ಎದ್ರೆ ನಿನ್ನ ಸುಣ್ಣ ಬೆಲ್ಲದ ಬಂಡವಾಳ ಗೊತ್ತಾಗ್ತದೆ.”

ಅವಳನ್ನು ಎತ್ತಿದ ಕೂಡಲೇ ನೀರು ಬುಸ್ಸೆಂದು ಮೇಲೆದ್ದಿತು. ಸಂಜೀವಪ್ಪ ತಲೆ ಚಚ್ಚಿಕೊಂಡ. ಮೇಷ್ಟ್ರು ಬೆಳ್ಳಗಾದರು.

“ಪಿಳ್ಳಮ್ಮ, ಕೂಗಬಾರದಿತ್ತೇನಮ್ಮ?”

“ಬಾತು ಹಾರೋಗವು. ಕೂತಲ್ಲೇ ಕೂತವಳೆ, ಕೂತಲ್ಲೇ ಕೂತವಳೆ ಅಂತ ಊರೆಲ್ಲ ಅಂದಿದ್ದೇ ಅಂದಿದ್ದು. ಇವತ್ತು ಕೂತಿದ್ದಕ್ಕೇ ಬದುಕ್ದೆ ಕಣ್ರಿ.”

ಕಾವಲು ಬಾತಿನ ಸಂಗತಿ ಕೇಳಿ ಮೇಷ್ಟ್ರು ಗಾಡಿಯಲ್ಲಿಟ್ಟಿದ್ದ ಟಿಪ್ಪಣಿ ಪುಸ್ತಕವನ್ನು ಒದ್ದೆ ಕೈಯಲ್ಲೇ ತೆಗೆದರು. ಅಷ್ಟು ಹತ್ತಿರ ಅವರೂ ಹೋಗಿರಲಿಲ್ಲ. ಬರೆದು, ಕೆಳಗೆ ‘ಕಂಡವರು: ಪಿಳ್ಳಮ್ಮ’ ಎಂದು ಸೇರಿಸಿದರು.

ರಾಮಾಂಜಿನಪ್ಪ ಹಗ್ಗ ಸುತ್ತುತ್ತ ಕೇಳಿದ, “ಮುಂದಿನ ಚಳಿಗೆ ನನ್ನೂ ಕರ್ಕೊಂಡು ಹೋಗ್ತೀಯಾ? ನೋಡಕ್ಕಲ್ಲ, ಕೇಳಕ್ಕೆ.”

ಸಂಜೀವಪ್ಪ ತೂತಿಗೆ ತಾಮ್ರದ ತಗಡು ಹೊಡೆಸುವುದಾಗಿ ಆಣೆಯಿಟ್ಟ. ಪಿಳ್ಳಮ್ಮ ಗಾಡಿಯಲ್ಲಿ ಕೂತು ಸೆರಗು ಹಿಂಡುತ್ತ ಹೇಳಿದಳು.

“ಬಾರಣ್ಣ. ಅದಕ್ ಮೊದ್ಲು ದಿನಾ ನಮ್ ಜಗಲೀಗೆ ಬಾ. ಅಲ್ಲಾಡ್ದಂಗೆ ಕೂರೋದು ಹೆಂಗೆ ಅಂತ ಹೇಳ್ಕೊಡ್ತೀನಿ.”